ನೀಸ್‌ಗೆ ಹೋಗುವವರು ಮರಳಿನ ಆಸೆ ಬಿಟ್ಟು ಹೋಗಿ

ಫ್ರಾನ್ಸಿನ ದಕ್ಷಿಣ ಕರಾವಳಿಯ ನೀಸ್ ನಗರದ ಫೋಟೊಗಳಲ್ಲಿ ಕಾಣುವ ಆ ಹಸಿರು ನೀಲಿ ಸಮುದ್ರ ಸುಳ್ಳಲ್ಲ, ನಿಜಕ್ಕೂ ಹಾಗೇ ಇದೆ. ಫೋಟೊದಲ್ಲಿ ತಿಳಿಯದೆ ಹೋಗುವುದು ದಡ. ಊರಿನ ಉದ್ದಕ್ಕೂ ಇರುವ ಬೀಚಿನಲ್ಲಿ ಮರಳೇ ಇಲ್ಲ. ಆಲ್ಪ್ಸ್ ಬೆಟ್ಟಗಳಿಂದ ನದಿಗಳು ಉರುಳಿಸಿ ತಂದ, ಮುಷ್ಟಿಗಾತ್ರದ ಬೂದು ಉರುಟುಗಲ್ಲುಗಳು ಮಾತ್ರ. ಮಲ್ಪೆ, ಗೋಕರ್ಣದ ಅಭ್ಯಾಸದಲ್ಲಿ ಬರಿಗಾಲಲ್ಲಿ ಇಳಿದವರು ಹತ್ತು ಹೆಜ್ಜೆಯೊಳಗೆ ಕುಂಟತೊಡಗುತ್ತಾರೆ. ಮಕ್ಕಳ ಬಕೆಟ್ಟು, ಸಲಿಕೆ ಒಯ್ಯುವುದು ದಂಡ.

ನೀರಿಗಿಳಿಯುವುದಕ್ಕಿಂತ ಮೇಲೆ ಬರುವುದೇ ಕಷ್ಟ. ದಡ ಥಟ್ಟನೆ ಇಳಿಜಾರಾಗುತ್ತದೆ. ನಾಲ್ಕೈದು ಹೆಜ್ಜೆಗೆ ಕಾಲಿಗೆ ನೆಲ ಸಿಗುವುದಿಲ್ಲ. ಅಲೆ ಸಣ್ಣದಿದ್ದರೂ ಅಂಚಿನಲ್ಲೇ ಮುರಿದು ಬೀಳುತ್ತದೆ, ಹಿಂದೆ ಸರಿಯುವಾಗ ಕಾಲಡಿಯ ಕಲ್ಲನ್ನೆಲ್ಲ ಎಳೆದುಕೊಂಡು ಹೋಗುತ್ತದೆ. ನಿಂತು ನಡೆಯಲು ಹೋದರೆ ಬೀಳುವುದು ಖಚಿತ. ಒಂದು ಅಲೆ ತಂದು ಬಿಟ್ಟ ಕೂಡಲೇ ಕೈಕಾಲು ಊರಿ, ಮುಂದಿನ ಅಲೆ ಬರುವುದರೊಳಗೆ ಅಂಬೆಗಾಲಿನಲ್ಲಿ ಮೇಲೇರುವುದೇ ಸರಿ. ನೋಡುವವರು ನಗುವುದಿಲ್ಲ, ಅಲ್ಲಿಯವರೂ ಹಾಗೇ ಮಾಡುತ್ತಾರೆ. ಈಜು ಬಾರದವರು ಮತ್ತು ಸಣ್ಣ ಮಕ್ಕಳು ಇಲ್ಲಿ ಇಳಿಯದಿರುವುದೇ ಒಳ್ಳೆಯದು. ಅವರನ್ನು ರೈಲಿನಲ್ಲಿ ಹತ್ತು ನಿಮಿಷವೂ ಹಿಡಿಯದ ವಿಲ್‌ಫ್ರಾಂಶ್‌ಗೆ ಕರೆದೊಯ್ಯಿರಿ; ಸ್ಟೇಷನ್ನಿನ ಕೆಳಗೇ ದಪ್ಪ ಮರಳಿನ, ಶಾಂತ ನೀರಿನ ಬೀಚ್ ಇದೆ.

ರಬ್ಬರ್ ಅಡಿಯ ನೀರಿನ ಶೂ ಮತ್ತು ಯೋಗ ಮಾಡುವಂಥ ದಪ್ಪ ಚಾಪೆ, ಎರಡನ್ನೂ ಬೆಂಗಳೂರಿನಲ್ಲೇ ಕೊಂಡು ಸೂಟ್‌ಕೇಸಿಗೆ ಹಾಕಿ. ಟವೆಲ್ ಹಾಸಿ ಮಲಗಿದರೆ ಕಲ್ಲು ಬೆನ್ನಿಗೆ ಚುಚ್ಚುತ್ತದೆ. ಸಾಲು ಸಾಲು ಮಂಚ, ಕೊಡೆ ಇಟ್ಟಿರುವ ಭಾಗಗಳು ಖಾಸಗಿ. ಒಂದು ಮಂಚಕ್ಕೆ ದಿನಕ್ಕೆ 20 ಯೂರೊ ಮೀರುವುದು ಮಾಮೂಲು. ಅವುಗಳ ನಡುನಡುವೆ ಇರುವ ಸಾರ್ವಜನಿಕ ಬೀಚುಗಳಿಗೆ ದುಡ್ಡಿಲ್ಲ. ನೀರು, ಕಲ್ಲು, ಬಿಸಿಲು ಎರಡೂ ಕಡೆ ಒಂದೇ.

ವಿಮಾನ ನಿಲ್ದಾಣದಿಂದ ಊರಿಗೆ 2ನೇ ನಂಬರಿನ ಟ್ರಾಮ್ ಇದೆ. ಆದರೆ ಟರ್ಮಿನಲ್ ಎದುರಿನ ಸ್ಟಾಪಿನಲ್ಲಿ ಹತ್ತಿದರೆ ಟಿಕೆಟ್ 10 ಯೂರೊ, ಅದರ ಮುಂದಿನ ಗ್ರಾಂಡ್ ಅರೆನಾಸ್ ಸ್ಟಾಪಿನಲ್ಲಿ ಹತ್ತಿದರೆ 1.70 ಯೂರೊ. ಟ್ರಾಮ್ ಅದೇ, ಹಳಿ ಅದೇ. ಒಂದನೇ ಟರ್ಮಿನಲ್‌ನಿಂದ ಆ ಸ್ಟಾಪಿಗೆ ಹದಿನೈದು ನಿಮಿಷದ ನಡಿಗೆ. ಎರಡನೇ ಟರ್ಮಿನಲ್‌ನಲ್ಲಿ ಇಳಿದವರಿಗೆ ಒಂದನೇ ಟರ್ಮಿನಲ್‌ವರೆಗೆ ಟ್ರಾಮ್ ಉಚಿತ. ನಾಲ್ಕು ಜನರ ಸಂಸಾರಕ್ಕೆ ಉಳಿಯುವುದು ಮೂವತ್ತಮೂರು ಯೂರೊ, ಒಂದೊಳ್ಳೆ ಊಟದ ದುಡ್ಡು. ‘ಪೋರ್ಟ್ ಲಿಂಪಿಯಾ’ ಎಂಬ ಬೋರ್ಡಿರುವ ಟ್ರಾಮನ್ನೇ ಹತ್ತಿ. ಒಳಗೆ ಹೋದ ಕೂಡಲೇ ಟಿಕೆಟನ್ನು ಯಂತ್ರಕ್ಕೆ ತೋರಿಸಬೇಕು. ಕೊಂಡಿದ್ದರೂ ತೋರಿಸದಿದ್ದರೆ ದಂಡ. ಒಮ್ಮೆ ತೋರಿಸಿದರೆ 74 ನಿಮಿಷ ನಡೆಯುತ್ತದೆ, ಬದಲಿಸಿ ಹತ್ತಬಹುದು, ಅದೇ ಟಿಕೆಟ್ಟಿನಲ್ಲಿ ವಾಪಸ್ ಬರುವಂತಿಲ್ಲ. ರಾತ್ರಿ ಬಂದಿಳಿದು ಟ್ಯಾಕ್ಸಿಯೇ ಬೇಕಾದರೆ, ಊರಿನ ಮಧ್ಯಭಾಗಕ್ಕೆ ನಿಗದಿ ದರ ಇದೆ. ಕೂರುವ ಮುಂಚೆ ‘ಫೋರ್‌ಫೇ’ ಎಂದು ಕೇಳಿ ಖಾತ್ರಿ ಮಾಡಿಕೊಳ್ಳಿ.

ಇನ್ನು ಊಟ. ಮಾಂಸ ಮೀನು ತಿನ್ನದವರಿಗೆ ನೀಸ್ ಕಷ್ಟ ಎನ್ನುವವರು ಸೊಕ್ಕಾ ತಿಂದಿಲ್ಲ. ಕಡಲೆ ಹಿಟ್ಟು, ಅದರ ಎರಡರಷ್ಟು ನೀರು, ಆಲಿವ್ ಎಣ್ಣೆ, ಉಪ್ಪು, ಇಷ್ಟೇ. ಮೊಟ್ಟೆ, ಬೆಣ್ಣೆ ಏನೂ ಇಲ್ಲ. ತೆಳ್ಳಗಿನ ಹಿಟ್ಟನ್ನು ಎರಡಡಿಗೂ ಮೀರಿದ ತಾಮ್ರದ ತಟ್ಟೆಗೆ ಸುರಿದು, ಸೌದೆ ಒಲೆಯೊಳಗೆ ತಳ್ಳುತ್ತಾರೆ. ಮೇಲೆಲ್ಲ ಕಪ್ಪು ಚುಕ್ಕೆ ಎದ್ದು, ಅಂಚು ಗರಿಗರಿಯಾಗಿ, ನಡುವೆ ಇನ್ನೂ ಮೆತ್ತಗಿರುವಾಗ ಎಳೆದು, ಕೆರೆದು, ಚೂರು ಮಾಡಿ ಕೊಡುತ್ತಾರೆ. ದೋಸೆಯ ದೂರದ ನೆಂಟ ಎನ್ನಬಹುದು, ಹುಳಿ ಇಲ್ಲ ಅಷ್ಟೇ. ಮೇಜಿನ ಮೇಲಿರುವ ಕಾಳುಮೆಣಸಿನ ಪುಡಿಯನ್ನು ಧಾರಾಳವಾಗಿ ಉದುರಿಸಿ ಕೈಯಲ್ಲೇ ತಿನ್ನಿ. ಒಂದು ಪಾಲಿಗೆ ಮೂರು ನಾಲ್ಕು ಯೂರೊ. ಎರಡು ಪಾಲು ತಿಂದರೆ ಮಧ್ಯಾಹ್ನ ಕಳೆಯಿತು.

ಬಂದರಿನ ಹತ್ತಿರದ ಶೆ ಪಿಪೊ 1923ರಿಂದ ಇದನ್ನೇ ಸುಡುತ್ತಿದೆ. ಹಳೇ ಪೇಟೆಯ ರೆನೆ ಸೊಕ್ಕಾದಲ್ಲಿ ಕಿಟಕಿ ಮುಂದೆ ಸಾಲಿನಲ್ಲಿ ನಿಂತು ತಟ್ಟೆ ತಂದುಕೊಳ್ಳಬೇಕು, ಬೆಂಚಿನಲ್ಲಿ ಕೂತರೆ ಕುಡಿಯಲು ಏನಾದರೂ ಕೊಳ್ಳಲೇಬೇಕು. ಸಾಲು ಅಲ್ಲಾಡದಿದ್ದರೆ ಬಿಟ್ಟು ಹೋಗಬೇಡಿ. ಒಂದು ತಟ್ಟೆ ಒಲೆಯಿಂದ ಬರುವವರೆಗೆ ಎಲ್ಲರೂ ನಿಂತಲ್ಲೇ ನಿಂತಿರುತ್ತಾರೆ, ಬಂದೊಡನೆ ಹದಿನೈದು ಜನ ಒಟ್ಟಿಗೆ ಕರಗುತ್ತಾರೆ. ಸಾಲೇ ಇಲ್ಲದ ಅಂಗಡಿಯಲ್ಲಿ ಆರಿದ ಸೊಕ್ಕಾ ಸಿಗುತ್ತದೆ. ಆರಿದರೆ ಅದು ಚಪ್ಪಲಿ.

ಮೋಸ ಹೋಗುವುದು ಪಿಸ್ಸಲಾಡಿಯೇರ್‌ನಲ್ಲಿ. ನೋಡಲು ಈರುಳ್ಳಿ ಹರಡಿದ ಪಿಜ್ಜಾ, ಆದರೆ ಸಾಮಾನ್ಯವಾಗಿ ಆಂಚೊವಿ ಎಂಬ ಪುಟ್ಟ ಉಪ್ಪುಮೀನು ಇರುತ್ತದೆ. ಮೇಲೆ ಕಾಣದಿದ್ದರೂ ಈರುಳ್ಳಿಯೊಳಗೆ ಅದರ ಗೊಜ್ಜು ಕಲೆಸಿರಬಹುದು. ಪಾನ್ ಬನ್ಯಾ ಎಂಬ ದುಂಡು ಬ್ರೆಡ್ಡಿನಲ್ಲಿ ಟ್ಯೂನಾ, ತರಕಾರಿ ‘ಫಾರ್ಸಿ’ಯೊಳಗೆ ಮಾಂಸದ ಪುಡಿ. ಕುಂಬಳ ಜಾತಿಯ ಹೂವಿನ ಬಜ್ಜಿ ಮತ್ತು ಕಡಲೆ ಹಿಟ್ಟಿನ ‘ಪಾನಿಸ್’ ತಿನ್ನಬಹುದು. ಬಜ್ಜಿಯ ಹಿಟ್ಟಿಗೆ ಮೊಟ್ಟೆ ಹಾಕುತ್ತಾರೆ, ಬೇಡದವರು ಕೇಳಿಕೊಳ್ಳಿ. ಹೋಟೆಲುಗಳಲ್ಲಿ ನೀರು ಬೇಕೆಂದರೆ ಬಾಟಲಿ ತಂದಿಟ್ಟು ಬಿಲ್ಲಿಗೆ ಸೇರಿಸುತ್ತಾರೆ. ‘ಕರಾಫ್ ದೊ’ ಎನ್ನಿ, ಜಗ್ಗಿನಲ್ಲಿ ನಲ್ಲಿ ನೀರು ಪುಕ್ಕಟೆ ಬರುತ್ತದೆ. ಮಧ್ಯಾಹ್ನ ಎರಡೂವರೆಯ ನಂತರ ಹೆಚ್ಚಿನ ಅಡುಗೆಮನೆಗಳು ಸಂಜೆ ಏಳರವರೆಗೆ ಮುಚ್ಚಿರುತ್ತವೆ.

ಪಕ್ಕದ ಪುಟ್ಟ ದೇಶ ಮೊನಾಕೊಗೆ ಅರ್ಧ ದಿನ ಸಾಕು. ಅಲ್ಲಿಗೆ ಹೋಗುವ ದಾರಿಯೇ ಚೆಂದ, ಆದರೆ ಬಸ್ಸೇ ತೊಂದರೆ. ಬಂದರಿನ ಹತ್ತಿರದಿಂದ ಹೊರಡುವ 607 ನಂಬರಿನ ಬಸ್ಸಿಗೆ 2.50 ಯೂರೊ, ರೈಲಿನ ಅರ್ಧದಷ್ಟು. ಸಮುದ್ರದ ಅಂಚಿನಲ್ಲೇ ಸುಮಾರು ಮುಕ್ಕಾಲು ಗಂಟೆ. ಹಾಗಾಗಿ ಎಲ್ಲರೂ ಅದಕ್ಕೇ ಬರುತ್ತಾರೆ. ಬೇಸಿಗೆಯಲ್ಲಿ ಬಸ್ಸು ಮೊದಲ ಸ್ಟಾಪಿನಲ್ಲೇ ತುಂಬಿ, ನಡುವಿನ ಊರುಗಳಲ್ಲಿ ಕೈ ಅಡ್ಡ ಹಾಕಿದವರನ್ನು ಬಿಟ್ಟು ಹೋಗುತ್ತದೆ. ಬಂದರಿನಲ್ಲೇ, ಬೆಳಿಗ್ಗೆ ಎಂಟೂವರೆಯೊಳಗೆ ಹತ್ತಿ, ಬಲಗಡೆ ಕಿಟಕಿ ಹಿಡಿಯಿರಿ. ಸಮುದ್ರ ಆ ಕಡೆಗಿದೆ. ಬರುವಾಗ ಬಸ್ಸಿನ ಗೊಡವೆ ಬೇಡ. ಮೊನಾಕೊದಲ್ಲಿ ದುಡಿಯುವ ಸಾವಿರಾರು ಜನ ಫ್ರಾನ್ಸಿನಲ್ಲಿ ಮನೆ ಮಾಡಿದವರು, ಸಂಜೆ ಐದರಿಂದ ಏಳರವರೆಗೆ ಅವರೆಲ್ಲ ವಾಪಸಾಗುತ್ತಾರೆ. ಬಸ್ಸೂ ರೈಲೂ ಉಸಿರುಗಟ್ಟಿಸುತ್ತವೆ. ಸಂಜೆಯವರೆಗೆ ಅಲ್ಲೇ ಉಳಿದರೆ ಏಳೂವರೆ ನಂತರ ರೈಲು ಹಿಡಿಯಿರಿ. ಜೂನ್‌ನಲ್ಲಿ ಒಂಬತ್ತರವರೆಗೂ ಬೆಳಕಿರುತ್ತದೆ.

ಎಝ್ ಎಂಬ ಬೆಟ್ಟದ ಹಳ್ಳಿಗೆ ಹೊರಟವರು ‘ಎಝ್ ಸ್ಯುರ್ ಮೇರ್’ ಸ್ಟೇಷನ್ನಿನಲ್ಲಿ ಇಳಿದು ಪೇಚಾಡುತ್ತಾರೆ. ಹಳ್ಳಿ ಅಲ್ಲಿಂದ 400 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ತತ್ವಜ್ಞಾನಿ ನೀತ್ಸೆಯ ಹೆಸರಿನ ಕಾಲುದಾರಿಯಲ್ಲಿ ಹತ್ತಲು ಒಂದೂಕಾಲು ಗಂಟೆ ಬೇಕು, ನೆರಳು ಕಡಿಮೆ. ನೀಸ್ ಊರಿನ ವೋಬಾನ್ ನಿಲ್ದಾಣದಿಂದ 82ರ ಬಸ್ಸಿನಲ್ಲಿ ಮೇಲೆ ಹೋಗಿ, ಆ ಕಾಲುದಾರಿಯಲ್ಲಿ ಇಳಿದು ಬನ್ನಿ.

ನೀಸ್‌ನ ಕೋಟೆ ಗುಡ್ಡದ ಮೇಲೆ ಕೋಟೆ ಇಲ್ಲ, 1706ರಲ್ಲೇ ಫ್ರಾನ್ಸಿನ ದೊರೆ 14ನೇ ಲೂಯಿಯ ಆಜ್ಞೆಯಂತೆ ಕೆಡವಿದ್ದಾರೆ. ನೋಟಕ್ಕಾಗಿ ಹೋಗಿ; ಸಮುದ್ರದ ಕಡೆ ಬುಡದಲ್ಲಿ ಉಚಿತ ಲಿಫ್ಟ್ ಇದೆ. ಮಧ್ಯಾಹ್ನ ಹನ್ನೆರಡಕ್ಕೆ ಆ ಗುಡ್ಡದಿಂದ ಢಮ್ಮನೆ ಸದ್ದು ಬರುತ್ತದೆ. ದಿನಾ ಬರುತ್ತದೆ, ಓಡಬೇಕಿಲ್ಲ. ಹಳೇ ಪೇಟೆಯ ಕೂರ್ ಸಲೇಯಾದ ಹೂ ತರಕಾರಿ ಸಂತೆ ಸೋಮವಾರ ಇಲ್ಲ, ಆ ದಿನ ಹಳೇ ಸಾಮಾನಿನ ಸಂತೆ. ಚಿತ್ರಕಲಾವಿದರಾದ ಮಾತೀಸ್, ಶಗಾಲ್ ಹೆಸರಿನ ಮ್ಯೂಸಿಯಂ ಎರಡಕ್ಕೂ ಮಂಗಳವಾರ ರಜೆ.

ಹಳೇ ಪೇಟೆಯಲ್ಲಿ ರೂಮು ಬೇಡ. ಗಲ್ಲಿಗೆ ಗಾಡಿ ಬಾರದು, ಎಷ್ಟೋ ಕಟ್ಟಡಗಳಲ್ಲಿ ಲಿಫ್ಟಿಲ್ಲ, ಏಸಿ ಇಲ್ಲ, ಕಿಟಕಿ ತೆರೆದರೆ ನಡುರಾತ್ರಿವರೆಗೆ ಬಾರುಗಳ ಗಲಾಟೆ. ಲಿಬೆರಾಸಿಯೋಂ ಬಡಾವಣೆಯ ಕಡೆ ನೋಡಿ. ಬೆಳಗಿನ ಸಂತೆ ಸ್ಥಳೀಯರದು, ಹಣ್ಣು ಅಗ್ಗ. ಬುಕಿಂಗ್ ದುಡ್ಡಿನ ಮೇಲೆ ತಲಾ ಒಂದೊಂದು ರಾತ್ರಿಗೆ ಪ್ರವಾಸಿ ತೆರಿಗೆಯನ್ನು ಕೌಂಟರಿನಲ್ಲಿ ಕೇಳಬಹುದು, ಅದು ಕಾನೂನಿನದೇ.

ಇಟಲಿಯ ವೆಂಟಿಮಿಲಿಯಾ ಊರಿನ ಶುಕ್ರವಾರದ ಸಂತೆಗೆ ಹೋಗುವವರು ಮೂಲ ಪಾಸ್‌ಪೋರ್ಟ್ ಇಟ್ಟುಕೊಂಡೇ ಹೋಗಿ. ಶೆಂಗೆನ್ (ಒಂದೇ ವೀಸಾ ನಡೆಯುವ ಯುರೋಪಿನ ದೇಶಗಳ ಗುಂಪು) ಒಳಗೆ ತಪಾಸಣೆ ಇಲ್ಲವೆಂದು ಹೋಟೆಲಿನಲ್ಲಿ ಬಿಟ್ಟು ಹೋಗುವವರಿದ್ದಾರೆ. ವಾಪಸ್ ಬರುವಾಗ ಮಾಂತೋಂ ಗರಾವಾನ್ ಸ್ಟೇಷನ್ನಿನಲ್ಲಿ ಫ್ರೆಂಚ್ ಪೊಲೀಸರು ರೈಲು ಹತ್ತಿ ಕಾಗದ ನೋಡುತ್ತಾರೆ, ಮೊಬೈಲಿನ ಫೋಟೊ ಸಾಕಾಗುವುದಿಲ್ಲ.