12 ಮಿಲಿಮೀಟರ್ ಕಿತಾಪತಿ: ಪಿಕಪ್‌ನ ಸೆಂಟರ್ ಬೇರಿಂಗ್ ಕಥೆ

ಗುಂಯ್ ಅನ್ನುವ ಸದ್ದು ಕೊನೆಗೂ ಹೋಯಿತು. 72 ಕಿ.ಮೀ. ವೇಗ ಮುಟ್ಟಿದ ತಕ್ಷಣ ಸೀಟಿನ ಕೆಳಗಿಂದ ಬೆನ್ನಿಗೆ ಏರುತ್ತಿದ್ದ ಆ ನಡುಕ ಈಗ ಇಲ್ಲ. ಒಳಗಿನ ಕನ್ನಡಿಯಲ್ಲಿ ಹಿಂದಿನ ಗಾಡಿ ಒಂದೇ ಗಾಡಿಯಾಗಿ ಕಾಣುತ್ತಿದೆ. ಆದರೆ ಕಾರಣ ಗೊತ್ತಾದ ಮೇಲೆ ನನಗೆ ಖುಷಿಗಿಂತ ಸಿಟ್ಟೇ ಜಾಸ್ತಿ ಬಂತು. ತೊಂದರೆ ಇದ್ದದ್ದು ಹೊಚ್ಚ ಹೊಸ ಪಾರ್ಟ್‌ನಲ್ಲಿ!

ಈ ಸಲದ ಸರ್ವಿಸ್‌ನ ಮಾಮೂಲಿ ಕೆಲಸಗಳನ್ನು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇನೆ. ಇಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಡೀಸೆಲ್ ಫಿಲ್ಟರ್, ಡಿಫರೆನ್ಷಿಯಲ್‌ಗೆ (ಹಿಂದಿನ ಎರಡು ಚಕ್ರಗಳ ನಡುವಿನ ಗೇರ್ ಪೆಟ್ಟಿಗೆ) ಹೊಸ ಜಿಎಲ್-5 ದರ್ಜೆಯ ಗೇರ್ ಆಯಿಲ್, ಹಿಂದಿನ ಡ್ರಮ್ ಬ್ರೇಕ್ ಬಿಚ್ಚಿ ಸ್ವಚ್ಛ ಮಾಡಿ ಶೂ ಅಡ್ಜಸ್ಟ್, ಲೀಫ್ ಸ್ಪ್ರಿಂಗ್ ಶ್ಯಾಕಲ್‌ಗೆ ಹೊಸ ಬುಷ್. ಎಲ್ಲ ಸಲೀಸಾಗಿ ಆಯಿತು. ಯೂನಿವರ್ಸಲ್ ಜಾಯಿಂಟ್ ಅಂದರೆ ಓರೆಯಾಗಿ ಸೇರುವ ಎರಡು ಶಾಫ್ಟ್‌ಗಳ ನಡುವಿನ ಕೀಲು; ಅದರೊಳಗೆ ಕೂಡಿಸುವ ಚಿಹ್ನೆಯ ಆಕಾರದ ಒಂದು ಕ್ರಾಸ್, ಕ್ರಾಸ್‌ನ ನಾಲ್ಕು ತುದಿಗೆ ನಾಲ್ಕು ಕಪ್ ಇರುತ್ತವೆ. ಇವುಗಳಿಗೆ ಗ್ರೀಸ್ ಹೊಡೆದಾಗ ನಾಲ್ಕೂ ಕಪ್‌ಗಳಿಂದ ಹಳೇ ಗ್ರೀಸ್ ಹೊರಗೆ ಬಂತು. ಅಂದರೆ ಎಲ್ಲ ಕಪ್‌ಗಳಿಗೂ ಗ್ರೀಸ್ ತಲುಪುತ್ತಿದೆ.

ಗೇರ್‌ಬಾಕ್ಸ್‌ನಿಂದ ಹಿಂದಿನ ಆಕ್ಸಲ್‌ಗೆ ಶಕ್ತಿ ಒಯ್ಯುವ ಉದ್ದದ ಪ್ರೊಪೆಲ್ಲರ್ ಶಾಫ್ಟನ್ನು ನಡುವೆ ಹಿಡಿದು ನಿಲ್ಲಿಸುವುದೇ ಸೆಂಟರ್ ಬೇರಿಂಗ್. ಅದನ್ನು ಬದಲಿಸಬೇಕಾದದ್ದು ಬೇರೆ ಕಾರಣಕ್ಕೆ. ಗಾಡಿ ನಿಂತಲ್ಲಿಂದ ಹೊರಡುವಾಗ ಕ್ಲಚ್ ಬಿಟ್ಟರೆ ಕೆಳಗಿನಿಂದ ಡಬಡಬ ಅಂತ ಅದುರುತ್ತಿತ್ತು. ಕೆಳಗೆ ಹೋಗಿ ಶಾಫ್ಟ್ ಹಿಡಿದು ಮೇಲೆ ಕೆಳಗೆ ಆಡಿಸಿದೆ. ಬೇರಿಂಗ್ ಸುತ್ತಲಿನ ರಬ್ಬರ್ ಅರ್ಧ ಸುತ್ತು ಹರಿದು ಜೋತಾಡುತ್ತಿತ್ತು. ಎರಡು ತುಂಡಿನ ಪ್ರೊಪೆಲ್ಲರ್ ಶಾಫ್ಟ್ ಇರುವ ಯಾವ ಪಿಕಪ್‌ಗಾದರೂ ಇದು ಬರುವ ಕಾಯಿಲೆಯೇ. ಯೋಕ್‌ಗಳಿಗೆ (ಕ್ರಾಸ್ ಹಿಡಿಯುವ, ಶಾಫ್ಟ್ ತುದಿಯ ಕವಲುಗಳು) ಬಣ್ಣದಿಂದ ಗುರುತು ಹಾಕಿ, ಶಾಫ್ಟ್ ಇಳಿಸಿ, ಹೊಸ ಬೇರಿಂಗ್ ಕೂರಿಸಿ, ಗುರುತಿಗೆ ಗುರುತು ಸೇರಿಸಿ ಮತ್ತೆ ಕಟ್ಟಿದೆ. ಡಬಡಬ ಪೂರ್ತಿ ನಿಂತಿತು.

ಅದು ಹೋದ ಜಾಗಕ್ಕೆ ಗುಂಯ್ ಬಂತು.

ಹಿಂದೆ ಎಂದೂ ಇಲ್ಲದ ಸದ್ದು. 60ರವರೆಗೆ ಏನೂ ಇಲ್ಲ. 65ಕ್ಕೆ ಶುರು, 72ಕ್ಕೆ ಜೋರು, 85 ದಾಟಿದರೆ ಮತ್ತೆ ತಣ್ಣಗೆ. ಆಕ್ಸಿಲರೇಟರ್ ಒತ್ತಿದಾಗ ಜಾಸ್ತಿ, ಕಾಲು ತೆಗೆದರೆ ಸ್ವಲ್ಪ ಕಡಿಮೆ. ಅದೇ ವೇಗದಲ್ಲಿ ಗೇರ್ ಬದಲಿಸಿದರೂ ಹಾಗೇ ಇರುತ್ತದೆ. ಹಾಗಾಗಿ ಇಂಜಿನ್ ಅಲ್ಲ. ನ್ಯೂಟ್ರಲ್‌ಗೆ ಹಾಕಿದರೂ ಪೂರ್ತಿ ಹೋಗುವುದಿಲ್ಲ. ಹಾಗಾಗಿ ಗೇರ್‌ಬಾಕ್ಸ್‌ನಿಂದ ಹಿಂದಕ್ಕೆ ಎಲ್ಲೋ ಇದೆ. ಕೇಳಿದವರೆಲ್ಲ ಟೈರ್ ಬ್ಯಾಲೆನ್ಸ್ ಮಾಡಿಸು ಅಂದರು. ಪಾರ್ಟ್ ಮಾರಿದವರು ಶಾಫ್ಟೇ ಬಾಗಿರಬೇಕು ಅಂದರು. ಹೊಸ ಪಾರ್ಟ್ ಹಾಕಿದ ಮೇಲೆ ಬಂದ ಸದ್ದಿಗೆ ಹಳೇ ಶಾಫ್ಟ್‌ನ ಮೇಲೆ ಅನುಮಾನ ಯಾಕೆ?

ಒಂದೊಂದೇ ಬಿಚ್ಚಿ ನೋಡುವ ಬದಲು ಮೊದಲು ಲೆಕ್ಕ ಹಾಕಿದೆ. ಈ ಲೆಕ್ಕ ಎಲ್ಲರಿಗೂ ಉಪಯೋಗಕ್ಕೆ ಬರುತ್ತದೆ, ಅದಕ್ಕೇ ಬಿಡಿಸಿ ಬರೆಯುತ್ತಿದ್ದೇನೆ.

72 ಕಿ.ಮೀ. ವೇಗ ಅಂದರೆ ಸೆಕೆಂಡಿಗೆ 20 ಮೀಟರ್. ನನ್ನ ಟೈರ್ ಒಂದು ಸುತ್ತಿಗೆ 2.2 ಮೀಟರ್ ಉರುಳುತ್ತದೆ. ಆ ವೇಗದಲ್ಲಿ ಚಕ್ರ ಸೆಕೆಂಡಿಗೆ ಸುಮಾರು 9 ಸುತ್ತು ಸುತ್ತುತ್ತದೆ. ಡಿಫರೆನ್ಷಿಯಲ್ ಅನುಪಾತ 4.1. ಅಲ್ಲಿಗೆ ಪ್ರೊಪೆಲ್ಲರ್ ಶಾಫ್ಟ್ ಸೆಕೆಂಡಿಗೆ ಸುಮಾರು 37 ಸುತ್ತು. ಈಗ ಮೂರು ಸಾಧ್ಯತೆ. ನಡುಕ 9 ಹರ್ಟ್ಸ್‌ನಲ್ಲಿದ್ದರೆ (ಅಂದರೆ ಸೆಕೆಂಡಿಗೆ 9 ಸಲ) ಟೈರ್ ಅಥವಾ ರಿಮ್. 37ರಲ್ಲಿದ್ದರೆ ಶಾಫ್ಟ್ ಬಾಗಿದೆ ಅಥವಾ ಬ್ಯಾಲೆನ್ಸ್ ತಪ್ಪಿದೆ. ಅದರ ಎರಡು ಪಟ್ಟು, ಅಂದರೆ 74ರ ಆಸುಪಾಸಿನಲ್ಲಿದ್ದರೆ ಯೂನಿವರ್ಸಲ್ ಜಾಯಿಂಟ್‌ಗಳ ಕೋನದ ಮೇಲೆ ಕಣ್ಣು ಹಾಕಬೇಕು.

ಯಾಕೆ ಎರಡು ಪಟ್ಟು? ಕ್ರಾಸ್ ಇರುವ ಜಾಯಿಂಟ್ ಓರೆಯಾಗಿ ತಿರುಗುವಾಗ ಅದರ ಆಚೆಯ ಶಾಫ್ಟ್ ಒಂದೇ ಸಮನೆ ತಿರುಗುವುದಿಲ್ಲ. ಒಂದು ಸುತ್ತಿನಲ್ಲಿ ಎರಡು ಸಲ ಮುಂದೆ ಓಡುತ್ತದೆ, ಎರಡು ಸಲ ಹಿಂದೆ ಬೀಳುತ್ತದೆ. ಅದರ ನಂತರದ ಜಾಯಿಂಟ್ ಕೂಡ ಅಷ್ಟೇ ಕೋನದಲ್ಲಿದ್ದು, ಯೋಕ್‌ಗಳು ಸರಿಯಾದ ಜೋಡಣೆಯಲ್ಲಿದ್ದರೆ ಈ ಏರಿಳಿತವನ್ನು ಅದು ಅಳಿಸಿಹಾಕುತ್ತದೆ. ಕೋನಗಳು ಬೇರೆ ಬೇರೆಯಾದರೆ ಅಳಿಯುವುದಿಲ್ಲ, ಉಳಿದದ್ದು ಸೀಟಿಗೆ ಬರುತ್ತದೆ.

ಫೋನನ್ನು ಎರಡು ಬದಿ ಅಂಟುವ ಟೇಪ್‌ನಿಂದ ಗೇರ್ ಲಿವರ್ ಪಕ್ಕದ ಲೋಹದ ನೆಲಕ್ಕೆ ಗಟ್ಟಿಯಾಗಿ ಅಂಟಿಸಿದೆ. ಮ್ಯಾಟ್ ಮೇಲೆ ಇಡಬೇಡಿ, ರಬ್ಬರ್ ಅರ್ಧ ನಡುಕ ನುಂಗಿಬಿಡುತ್ತದೆ. ನನ್ನ ಫೋನ್‌ನ ಸೆನ್ಸರ್ ನಡುಕವನ್ನು ಸೆಕೆಂಡಿಗೆ 200 ಸಲ ಅಳೆಯುತ್ತದೆ. ಅದರಿಂದ 100 ಹರ್ಟ್ಸ್‌ವರೆಗೆ ಮಾತ್ರ ನಂಬಬಹುದು, ಈ ಕೆಲಸಕ್ಕೆ ಅಷ್ಟು ಸಾಕು. ಪಕ್ಕದಲ್ಲಿ ಕೂತವರು ಫೋನ್ ನೋಡಿಕೊಂಡರು, ನಾನು ವೇಗ ಹಿಡಿದುಕೊಂಡೆ. ಗ್ರಾಫ್ ನೋಡಿದರೆ 9ರಲ್ಲಿ ಏನೂ ಇಲ್ಲ. 37ರಲ್ಲಿ ಪುಟ್ಟ ಗುಡ್ಡ. 75ರಲ್ಲಿ ಒಂದು ಗೋಪುರ!

ಟೈರೂ ಅಲ್ಲ, ಬಾಗಿದ ಶಾಫ್ಟೂ ಅಲ್ಲ. ಕೋನ.

ಕೋನ ಅಳೆಯುವಾಗ ಗಾಡಿ ತನ್ನ ತೂಕವನ್ನು ಚಕ್ರದ ಮೇಲೆಯೇ ಹೊತ್ತಿರಬೇಕು. ಆಕ್ಸಲ್ ನೇತಾಡುತ್ತಿದ್ದರೆ ಸಿಗುವ ಅಂಕಿಗಳು ಸುಮ್ನೆ. ಡಿಜಿಟಲ್ ಆಂಗಲ್ ಗೇಜ್ ಹಿಡಿದು ಗೇರ್‌ಬಾಕ್ಸ್ ಔಟ್‌ಪುಟ್, ಮುಂದಿನ ಶಾಫ್ಟ್, ಹಿಂದಿನ ಶಾಫ್ಟ್, ಡಿಫರೆನ್ಷಿಯಲ್ ಪಿನಿಯನ್ (ಹಿಂದಿನ ಶಾಫ್ಟ್ ಬಂದು ಸೇರುವ ಗೇರ್), ನಾಲ್ಕೂ ಕಡೆ ಇಳಿಜಾರು ಅಳೆದೆ. ನೆಲ ಸ್ವಲ್ಪ ಓರೆ ಇದ್ದರೂ ಪರವಾಗಿಲ್ಲ. ನಮಗೆ ಬೇಕಾದದ್ದು ಅಕ್ಕಪಕ್ಕದ ಅಂಕಿಗಳ ವ್ಯತ್ಯಾಸ ಮಾತ್ರ, ಅಲ್ವಾ?

ಗೇರ್‌ಬಾಕ್ಸ್ 3.0 ಡಿಗ್ರಿ. ಮುಂದಿನ ಶಾಫ್ಟ್ 2.4. ಹಿಂದಿನ ಶಾಫ್ಟ್ 6.9. ಪಿನಿಯನ್ 3.4. ಎಲ್ಲವೂ ಹಿಂದಕ್ಕೆ ಇಳಿಜಾರು. ಅಂದರೆ ಮೊದಲ ಜಾಯಿಂಟ್ 0.6 ಡಿಗ್ರಿಯಲ್ಲಿ ಕೆಲಸ ಮಾಡುತ್ತಿದೆ, ನಡುವಿನದು 4.5ರಲ್ಲಿ, ಕೊನೆಯದು 3.5ರಲ್ಲಿ. ನಡುವಿನದಕ್ಕೂ ಕೊನೆಯದಕ್ಕೂ ಪೂರ್ತಿ ಒಂದು ಡಿಗ್ರಿ ವ್ಯತ್ಯಾಸ. ಇನ್ನೊಂದು ವಿಷಯ: ಮುಂದಿನ ಶಾಫ್ಟ್ ಗೇರ್‌ಬಾಕ್ಸ್‌ಗಿಂತ ಕಡಿಮೆ ಇಳಿಜಾರಿನಲ್ಲಿದೆ. ಅದರ ಹಿಂತುದಿ ಇರಬೇಕಾದ್ದಕ್ಕಿಂತ ಮೇಲೆ ಇದ್ದರೆ ಮಾತ್ರ ಹೀಗಾಗಲು ಸಾಧ್ಯ. ಆ ಹಿಂತುದಿಯನ್ನು ಹಿಡಿದಿರುವುದು ಯಾರು? ನಮ್ಮ ಹೊಸ ಸೆಂಟರ್ ಬೇರಿಂಗ್.

ಹಳೆಯ ಬೇರಿಂಗ್ ಎಸೆದಿರಲಿಲ್ಲ. ಹಳೇ ಪಾರ್ಟ್‌ಗಳನ್ನು ಯಾವತ್ತೂ ಬೇಗ ಎಸೆಯಬೇಡಿ, ದಯವಿಟ್ಟು. ಹೊಸದನ್ನು ಬಿಚ್ಚಿ ತಂದು ಎರಡನ್ನೂ ದಪ್ಪ ಗಾಜಿನ ಮೇಲೆ, ಬೋಲ್ಟ್ ಕೂರುವ ಕಿವಿಗಳು ಗಾಜಿಗೆ ತಾಗುವಂತೆ ಅಕ್ಕಪಕ್ಕ ಇಟ್ಟೆ. ಒಳಗಿನ ವ್ಯಾಸ ಎರಡಕ್ಕೂ 30 ಮಿ.ಮೀ. ಬೋಲ್ಟ್ ರಂಧ್ರಗಳ ಅಂತರ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಕಣ್ಣಿಗೆ ಅವಳಿಗಳೇ. ಆಮೇಲೆ ಗಾಜಿನಿಂದ ನಡುಬಿಂದುವಿನ ಎತ್ತರ ಅಳೆದೆ. ಹಳೆಯದರ ರಬ್ಬರ್ ಹರಿದು ಬೇರಿಂಗ್ ಜಾರಿದ್ದರಿಂದ ಅದರ ಹೊರಗಿನ ಉಕ್ಕಿನ ಬಳೆಯ ಮೇಲಂಚು, ಕೆಳಅಂಚು ಎರಡನ್ನೂ ಅಳೆದು ಮಧ್ಯ ತೆಗೆದುಕೊಂಡೆ. ಹಳೆಯದು 68 ಮಿ.ಮೀ. ಹೊಸದು 56.

12 ಮಿಲಿಮೀಟರ್! ಒಂದು ಬೆರಳಿನಷ್ಟು.

ಲೆಕ್ಕಕ್ಕೂ ತಾಳೆಯಾಯಿತು. ಮುಂದಿನ ಶಾಫ್ಟ್ ಉದ್ದ 620 ಮಿ.ಮೀ. ಅದರ ತುದಿ 12 ಮಿ.ಮೀ. ಮೇಲೆದ್ದರೆ 1.1 ಡಿಗ್ರಿ ಬದಲಾಗುತ್ತದೆ. ಹಿಂದಿನದು 860 ಮಿ.ಮೀ., ಅದಕ್ಕೆ 0.8 ಡಿಗ್ರಿ. ಒಂದು ಕಡಿಮೆಯಾಗುತ್ತದೆ, ಇನ್ನೊಂದು ಹೆಚ್ಚುತ್ತದೆ. ಎರಡೂ ಸೇರಿ ಬೀಳುವುದು ನಡುವಿನ ಜಾಯಿಂಟ್‌ನ ತಲೆಯ ಮೇಲೆ. ಅದು 2.6ರಲ್ಲಿ ಇರಬೇಕಾದ್ದು 4.5ಕ್ಕೆ ಹೋಗಿದೆ. ಏರಿಳಿತದ ರಭಸ ಕೋನದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಹಾಗಾಗಿ ಇದು ಹತ್ತಿರ ಹತ್ತಿರ ಮೂರು ಪಟ್ಟು. ಸದ್ದು ಬಂದದ್ದರಲ್ಲಿ ಆಶ್ಚರ್ಯವೇ ಇಲ್ಲ.

ಈಗ ಪಾರ್ಟ್ ಮಾರುವವರ ವಿಷಯ. ಇಷ್ಟು ಹೇಳದೆ ನನಗೆ ನಿದ್ದೆ ಬರುವುದಿಲ್ಲ. ಒಳ ವ್ಯಾಸ ಬರೆಯುತ್ತಾರೆ, ರಂಧ್ರದ ಅಂತರ ಬರೆಯುತ್ತಾರೆ, ಡಬ್ಬಿಯ ತೂಕ ಕೂಡ ಬರೆಯುತ್ತಾರೆ. ನಡುಬಿಂದುವಿನ ಎತ್ತರ ಮಾತ್ರ ಎಲ್ಲೂ ಇಲ್ಲ. ಈ ಪಾರ್ಟ್‌ಗೆ ಎಲ್ಲಕ್ಕಿಂತ ಮುಖ್ಯವಾದ ಅಳತೆ ಅದೇ! ನನ್ನ ಡಬ್ಬಿಯ ಮೇಲಿನ ಸ್ಟಿಕ್ಕರ್ ಕೆರೆದು ನೋಡಿದರೆ ಕೆಳಗೆ ಇನ್ನೊಂದು ಸ್ಟಿಕ್ಕರ್ ಇತ್ತು. ಪಾರ್ಟ್ ನಂಬರ್‌ನ ಕೊನೆಯ ಅಕ್ಷರ ಬೇರೆ. ಫೋನ್ ಮಾಡಿದರೆ "ಬೋಲ್ಟ್ ಕೂತಿತಲ್ವಾ, ಮತ್ತೇನು?" ಅಂದರು. ಫಿಟ್ ಮಾಡಿದ ಪಾರ್ಟ್ ವಾಪಸ್ ತಗೊಳ್ಳಲ್ಲ ಅಂತಲೂ ಅಂದರು. ಇನ್ನೊಬ್ಬರ ಹತ್ತಿರ ಎತ್ತರ ಎಷ್ಟು ಅಂತ ಕೇಳಿದೆ. ಡಬ್ಬಿಯ ಫೋಟೋ ಕಳಿಸಿದರು. ಡಬ್ಬಿ ನಿಜಕ್ಕೂ ಚೆನ್ನಾಗಿತ್ತು, ಏನು ಮಾಡೋದು. ಗಾಡಿ ತಯಾರಿಸಿದವರ ಬಳಿ ಹೋದರೆ ಬೇರಿಂಗ್ ಬಿಡಿಯಾಗಿ ಸಿಗುವುದಿಲ್ಲ, ಪೂರ್ತಿ ಶಾಫ್ಟ್ ತಗೊಳ್ಳಿ ಅನ್ನುತ್ತಾರೆ. ಒಂದು ರಬ್ಬರ್ ಹರಿದದ್ದಕ್ಕೆ ಒಂದೂವರೆ ಮೀಟರ್ ಉಕ್ಕು ಬದಲಿಸಬೇಕಂತೆ. ಇದನ್ನು ನಾನು ಒಪ್ಪುವುದಿಲ್ಲ.

ಒಂದು ಪುಣ್ಯ ಏನೆಂದರೆ, ತಪ್ಪು ಈ ದಿಕ್ಕಿನಲ್ಲಿತ್ತು. ಬೇರಿಂಗ್ ಚಾಸಿಯ ಅಡ್ಡಪಟ್ಟಿಯ (ಕ್ರಾಸ್‌ಮೆಂಬರ್) ಕೆಳಗೆ ನೇತಾಡುತ್ತದೆ. ಹೊಸದು ಮೇಲಕ್ಕೆ ಜಾಸ್ತಿ ಹೋಗಿದೆ, ಅಂದರೆ ನಡುವೆ ಪ್ಯಾಕಿಂಗ್ ಕೊಟ್ಟು ಕೆಳಗಿಳಿಸಬಹುದು. ಉಲ್ಟಾ ಆಗಿದ್ದರೆ ಬೇರಿಂಗನ್ನು ಕಸಕ್ಕೇ ಹಾಕಬೇಕಿತ್ತು. ವಾಷರ್‌ಗಳನ್ನು ಪೇರಿಸಲಿಲ್ಲ. ವಾಷರ್ ಮೇಲೆ ಬ್ರ್ಯಾಕೆಟ್‌ನ ಕಿವಿ ಪೂರ್ತಿ ಕೂರುವುದಿಲ್ಲ, ಬಿಗಿದಂತೆ ಬಾಗುತ್ತದೆ. 6 ಮಿ.ಮೀ. ಉಕ್ಕಿನ ಪಟ್ಟಿಯನ್ನು ಕಿವಿಯ ಆಕಾರಕ್ಕೇ ಕತ್ತರಿಸಿ, ಪ್ರತಿ ಬದಿಗೆ ಎರಡೆರಡು ಇಟ್ಟು, ಅಂಚು ಉಜ್ಜಿ, ಪ್ರೈಮರ್ ಹೊಡೆದೆ. ಬೋಲ್ಟ್‌ಗಳು ಎಂ10, 8.8 ಗ್ರೇಡ್, ಹಳೆಯದಕ್ಕಿಂತ ಉದ್ದದವು. ಎಳೆ ಪೂರ್ತಿ ಹಿಡಿಯಬೇಕಲ್ಲ. ಶಾಫ್ಟ್ ಕೆಳಗಿಳಿದದ್ದರಿಂದ ಹ್ಯಾಂಡ್‌ಬ್ರೇಕ್ ಕೇಬಲ್‌ಗೆ ತಾಗುತ್ತದೆಯೇ ಅಂತಲೂ ನೋಡಿದೆ. ಸಾಕಷ್ಟು ಜಾಗ ಇದೆ.

ಬಿಗಿಯುವಾಗ ಒಂದು ಎಚ್ಚರ. ಬೋಲ್ಟ್‌ಗಳನ್ನು ಮೊದಲೇ ಪೂರ್ತಿ ಬಿಗಿಯಬೇಡಿ. ಗಾಡಿಯನ್ನು ಸ್ವಲ್ಪ ಹಿಂದೆ ಮುಂದೆ ಉರುಳಿಸಿ, ರಬ್ಬರ್ ತನ್ನ ಜಾಗಕ್ಕೆ ಬರಲಿ. ಬ್ರ್ಯಾಕೆಟ್ ಶಾಫ್ಟ್‌ಗೆ ನೇರ ಲಂಬವಾಗಿ ನಿಂತ ಮೇಲೆ ಟಾರ್ಕ್ ಕೊಡಿ. ರಬ್ಬರ್ ಒಂದು ಕಡೆಗೆ ಎಳೆದ ಸ್ಥಿತಿಯಲ್ಲೇ ಬಿಗಿದರೆ ಅದು ಬೇಗ ಹರಿಯುತ್ತದೆ.

ಮತ್ತೆ ಅಳೆದೆ. ಮುಂದಿನ ಶಾಫ್ಟ್ 3.5, ಹಿಂದಿನದು 6.1, ಪಿನಿಯನ್ ಅದೇ 3.4. ಜಾಯಿಂಟ್‌ಗಳು ಈಗ 0.5, 2.6, 2.7. ಮುಂದಿನ ಶಾಫ್ಟ್‌ಗೂ ಪಿನಿಯನ್‌ಗೂ ಹತ್ತರಲ್ಲೊಂದು ಡಿಗ್ರಿ ವ್ಯತ್ಯಾಸ ಅಷ್ಟೇ. ಈ ಗಾಡಿಯನ್ನು ವಿನ್ಯಾಸ ಮಾಡಿದವರು ಬಯಸಿದ್ದು ಇದನ್ನೇ ಅಂತ ಅದನ್ನು ನೋಡಿದರೇ ಗೊತ್ತಾಗುತ್ತದೆ. ಅದೇ ರಸ್ತೆ, ಅದೇ ವೇಗ, ಅದೇ ಜಾಗಕ್ಕೆ ಅಂಟಿಸಿದ ಫೋನ್. 75 ಹರ್ಟ್ಸ್‌ನ ಗೋಪುರ ಈಗ 37ರ ಗುಡ್ಡಕ್ಕಿಂತ ಚಿಕ್ಕದು. ಸೀಟಿನಲ್ಲಿ ಏನೂ ಗೊತ್ತಾಗುವುದಿಲ್ಲ.

ಕೋನ ಸೊನ್ನೆಯೇ ಇದ್ದರೆ ಇನ್ನೂ ಒಳ್ಳೆಯದಲ್ವಾ ಅಂತ ಒಬ್ಬರು ಕೇಳಿದರು. ಬೇಡ. ಕ್ರಾಸ್‌ನ ಕಪ್‌ಗಳ ಒಳಗಿನ ಸೂಜಿ ರೋಲರ್‌ಗಳು ಸ್ವಲ್ಪವಾದರೂ ಉರುಳಬೇಕು. ಒಂದೇ ಜಾಗದಲ್ಲಿ ನಿಂತು ಹೊರೆ ಹೊತ್ತರೆ ಅಲ್ಲೇ ಗೀರು ಬೀಳುತ್ತದೆ, ಗ್ರೀಸ್ ಕೂಡ ಹರಡುವುದಿಲ್ಲ.

ಪಿಕಪ್ ಅಂದ ಮೇಲೆ ಲೋಡ್ ಹಾಕದೆ ಬಿಡೋದು ಹೇಗೆ? ಹಿಂದೆ 300 ಕೆ.ಜಿ. ಮರಳಿನ ಚೀಲ ಹೇರಿ ಅಳೆದೆ. ಸ್ಪ್ರಿಂಗ್ ಕುಗ್ಗಿ ಹಿಂದಿನ ಶಾಫ್ಟ್ 4.4ಕ್ಕೆ ಇಳಿಯಿತು. ನಡುವಿನ ಜಾಯಿಂಟ್ 0.9, ಕೊನೆಯದು 1.0. ಎರಡೂ ಜೊತೆಜೊತೆಗೇ ಇಳಿದಿವೆ! ಮುಂದಿನ ಶಾಫ್ಟ್ ಮತ್ತು ಪಿನಿಯನ್ ಸಮಾನಾಂತರ ಇದ್ದರೆ ಲೋಡ್ ಇದ್ದರೂ ಇಲ್ಲದಿದ್ದರೂ ಎರಡು ಕೋನಗಳು ಒಂದನ್ನೊಂದು ಬಿಟ್ಟುಕೊಡುವುದಿಲ್ಲ. ಎಂಥ ಜಾಣ ಜೋಡಣೆ ನೋಡಿ.

ಮರಳು ಹೇರಿದಾಗಲೇ ಮುಂದಿನ ಕೆಲಸವೂ ಕಣ್ಣಿಗೆ ಬಿತ್ತು. ಆಕ್ಸಲ್‌ನಿಂದ ಚಾಸಿಗೆ ಹೋಗುವ ಸಣ್ಣ ರಾಡ್ ಇದೆಯಲ್ಲ, ಲೋಡ್ ಸೆನ್ಸಿಂಗ್ ಬ್ರೇಕ್ ವಾಲ್ವ್‌ದು, ಅದು ಅಲುಗಾಡಲೇ ಇಲ್ಲ. ಗಾಡಿಯ ಹಿಂಭಾಗ ಕುಗ್ಗಿದಾಗ ಅದು ತಿರುಗಿ ಹಿಂದಿನ ಡ್ರಮ್‌ಗಳಿಗೆ ಹೆಚ್ಚು ಒತ್ತಡ ಬಿಡಬೇಕು. ಖಾಲಿ ಇದ್ದಾಗ ಕಡಿಮೆ ಬಿಡಬೇಕು, ಇಲ್ಲದಿದ್ದರೆ ಹಿಂದಿನ ಚಕ್ರ ಲಾಕ್ ಆಗುತ್ತದೆ. ನನ್ನದು ಖಾಲಿ ಗಾಡಿಯ ಜಾಗದಲ್ಲೇ ತುಕ್ಕು ಹಿಡಿದು ಕೂತಿದೆ. ಅಂದರೆ ಲೋಡ್ ಇದ್ದಾಗ ಮುಂದಿನ ಬ್ರೇಕ್‌ಗಳೇ ಬಹುಪಾಲು ಕೆಲಸ ಮಾಡುತ್ತಿವೆ. ವಾಲ್ವ್ ಬಿಚ್ಚಬೇಕು, ರಾಡ್‌ನ ಪಿವಟ್ ಬುಷ್ ಬದಲಿಸಬೇಕು, ಗೇಜ್ ಹಾಕಿ ಮುಂದಿನ ಹಿಂದಿನ ಒತ್ತಡ ಎರಡನ್ನೂ ಅಳೆಯಬೇಕು. ಅದು ಮುಗಿಯುವವರೆಗೆ ಈ ಗಾಡಿಗೆ ಭಾರ ಹೇರುವುದಿಲ್ಲ. ಪಿವಟ್ ಬೋಲ್ಟ್‌ಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟಿದ್ದೇನೆ, ಬ್ರೇಕ್ ಪೈಪ್ ನಟ್‌ಗೆ ಸರಿಯಾದ ಸ್ಪ್ಯಾನರ್ ಕೂಡ ತಂದಿಟ್ಟುಕೊಂಡಿದ್ದೇನೆ.