ತೂಕದ ಬಗ್ಗೆ ಮಾತಾಡಬಹುದಾ ಅಕ್ಕಾರೆ?

"ಬಾಯಿ ಕಟ್ರಿ, ಎಲ್ಲಾ ಸರಿ ಹೋಗ್ತದ."

ಡಾಕ್ಟರು ಅಕ್ಕನ ಮುಖ ಕೂಡ ನೋಡದೆ ಹೇಳಿದ ಮಾತಿದು. ಅವಳು ತೋರಿಸೋಕೆ ಹೋಗಿದ್ದು ಮೊಣಕಾಲು ನೋವು. ಕಾಲು ಮುಟ್ಟಿ ನೋಡಲೇ ಇಲ್ಲ. ಅದಕ್ಕೂ ಮೊದಲು ಹೊರಗೆ, ಕಾಯುತ್ತ ಕೂತ ಜನರ ಎದುರೇ, ಕಂಪೌಂಡರ್ ಅವಳ ತೂಕವನ್ನು ಕೂಗಿ ಬರೆಸಿದ್ದ. ಆಟೋ ಸೂಪರ್ ಮಾರ್ಕೆಟ್ ದಾಟುವವರೆಗೂ ಅಕ್ಕ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಲೇ ಇದ್ದಳು. ಕೇಳಿದರೆ ಬಿಸಿಲು ಅಂದಳು.

ಬಾಯಿ ಕಟ್ಟೋದನ್ನು ಅವಳಿಗೆ ಯಾರೂ ಕಲಿಸಬೇಕಿಲ್ಲ. ಶ್ರಾವಣ ಸೋಮವಾರ ತಪ್ಪಿಸಿದವಳಲ್ಲ. ರಾತ್ರಿ ಊಟ ಬಿಟ್ಟಿದ್ದಾಳೆ, ಅನ್ನ ಬಿಟ್ಟಿದ್ದಾಳೆ. ಪ್ರತಿ ಸಲ ತೂಕ ಇಳಿದಿದೆ, ಪ್ರತಿ ಸಲ ವಾಪಸ್ ಬಂದಿದೆ. ಅವಳಷ್ಟು ಗಟ್ಟಿ ಮನಸ್ಸಿನವರನ್ನು ನಮ್ಮ ಮನೆಯಲ್ಲಿ ನಾನು ನೋಡಿಲ್ಲ.

ಈ ವಾರವೇ ಇನ್ನೊಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮೊದಲು ಮೊಣಕಾಲು ಮಡಿಸಿ, ಚಾಚಿ ನೋಡಿದರು. ಆಮೇಲೆ ಕೇಳಿದರು: "ತೂಕದ ಬಗ್ಗೆ ಸ್ವಲ್ಪ ಮಾತಾಡಬಹುದಾ ಅಕ್ಕಾರೆ? ಬ್ಯಾಡ ಅಂದ್ರ ಇವತ್ತು ಬರೇ ಕಾಲಿನ ಬಗ್ಗೆ ಮಾತಾಡೂಣು."

ಅಕ್ಕ ನನ್ನ ಕಡೆ ನೋಡಿದಳು. ಅವಳನ್ನು ಹಾಗೆ ಯಾರೂ ಕೇಳಿರಲಿಲ್ಲ. "ಮಾತಾಡ್ರಿ" ಅಂದಳು. ಆಮೇಲೆ ನಮಗೂ ಹೇಳದ್ದೆಲ್ಲ ಹೇಳಿದಳು. ರಾತ್ರಿ ನಿದ್ದೆ ಬರಲ್ಲ, ಮದುವೆಗಳಿಗೆ ಹೋಗೋಕೆ ಮನಸ್ಸಿಲ್ಲ, ಫೋಟೋದಲ್ಲಿ ಹಿಂದೆ ನಿಲ್ಲುತ್ತೇನೆ.

ತೂಕ ಇಳಿದಾಗ ದೇಹ ಸುಮ್ನೆ ಕೂರಲ್ಲವಂತೆ. ಹಸಿವು ಹೆಚ್ಚಿಸುವ ಗ್ರೆಲಿನ್ ಅನ್ನೋ ಹಾರ್ಮೋನು ಏರುತ್ತದೆ, ಹೊಟ್ಟೆ ತುಂಬಿತು ಅನ್ನಿಸುವ ಲೆಪ್ಟಿನ್ ಅನ್ನೋ ಹಾರ್ಮೋನು ಇಳಿಯುತ್ತದೆ, ದೇಹ ಖರ್ಚು ಮಾಡುವ ಶಕ್ತಿಯೂ ಕಡಿಮೆಯಾಗುತ್ತದೆ. ಇಷ್ಟು ವರ್ಷ ಅಕ್ಕ ಸೋತಿದ್ದು ಇದರ ಎದುರು. ಅದನ್ನು ಆಸೆಬುರುಕತನ ಅಂತ ಕರೆದರು ಜನ. ನನಗೆ ಇವತ್ತಿಗೂ ಸಿಟ್ಟು ಇಳಿದಿಲ್ಲ.

ಆಮೇಲೆ ಆ ಡಾಕ್ಟರು ಮಾತ್ರೆಯ ಚೀಟಿ ಕೇಳಿದರು. ಶುಗರಿಗೆ ಅಕ್ಕ ನುಂಗುತ್ತಿದ್ದ ಗ್ಲಿಮೆಪಿರೈಡ್ ಕೆಲವರಲ್ಲಿ ತೂಕ ಹೆಚ್ಚಿಸುತ್ತದೆ ಅಂದರು. ತಾವೇ ನಿಲ್ಲಿಸಬೇಡಿ, ರಕ್ತ ಪರೀಕ್ಷೆ ನೋಡಿ ನಾನು ಬದಲಿಸುತ್ತೇನೆ ಅಂತಲೂ ಹೇಳಿದರು. "ಬಾಯಿ ಕಟ್ರಿ" ಅಂದವರು ಆ ಚೀಟಿಯನ್ನು ತೆರೆದೂ ನೋಡಿರಲಿಲ್ಲ.

ರೊಟ್ಟಿ ಬಿಡಿ ಅನ್ನಲಿಲ್ಲ. ಒಂದು ರೊಟ್ಟಿ ಕಡಿಮೆ ಮಾಡಿ, ತೊಗರಿಬೇಳೆ, ಪುಂಡಿಪಲ್ಯ, ಮಜ್ಜಿಗೆ ಜಾಸ್ತಿ ಮಾಡಿ ಅಂದರು. ತೂಕ ಇಳಿಯುವಾಗ ಮಾಂಸಖಂಡವೂ ಕರಗುತ್ತದೆ, ಹಾಗಾಗಿ ಪ್ರೋಟೀನ್ ಬೇಕು, ಕೂತಲ್ಲೇ ಕಾಲಿನ ವ್ಯಾಯಾಮ ಬೇಕು. ಒಂದು ಕೆಜಿ ಇಳಿದರೆ ಪ್ರತಿ ಹೆಜ್ಜೆಗೂ ಮೊಣಕಾಲಿನ ಮೇಲೆ ಸುಮಾರು 4 ಕೆಜಿ ಭಾರ ತಗ್ಗುತ್ತದಂತೆ. 5ರಿಂದ 10 ಶೇಕಡಾ ಇಳಿದರೂ ಶುಗರ್, ಬಿಪಿ ಸುಧಾರಿಸುತ್ತವೆ. ತೆಳ್ಳಗಾಗಲೇಬೇಕು ಅಂತೇನಿಲ್ಲ ಅಂದಾಗ ಅಕ್ಕ ಮೊದಲ ಸಲ ನೆಟ್ಟಗೆ ಕೂತಳು.

ವಾರಕ್ಕೊಂದು ಸೂಜಿಯ ಬಗ್ಗೆ ಅಕ್ಕನೇ ಕೇಳಿದಳು. ಸೆಮಾಗ್ಲುಟೈಡ್. ಕರುಳಿನ ಹಾರ್ಮೋನಿನ ಹಾಗೆ ಕೆಲಸ ಮಾಡಿ ಹಸಿವು ತಗ್ಗಿಸುತ್ತದೆ. ಶುಗರ್ ಇಲ್ಲದವರ ದೊಡ್ಡ ಪ್ರಯೋಗದಲ್ಲಿ 68 ವಾರಕ್ಕೆ ಸರಾಸರಿ 15 ಶೇಕಡಾ ತೂಕ ಇಳಿದಿತ್ತು. ಶುಗರ್ ಇದ್ದವರಲ್ಲಿ ಇಳಿಯೋದು ಅದಕ್ಕಿಂತ ಕಡಿಮೆ. ಓಕರಿಕೆ ಬರಬಹುದು.

"ಬಿಟ್ರ?"

"ಇಳಿದಿದ್ದರಾಗ ಹೆಚ್ಚಿನ ಪಾಲು ವಾಪಸ್ ಬರ್ತದ. ಬಿಪಿ ಗುಳಿಗಿ ಹಂಗ ಮುಂದುವರಿಸಬೇಕಾಗ್ತದ. ಖರ್ಚು ನೋಡ್ಕೊಂಡು ವಿಚಾರ ಮಾಡ್ರಿ."

ಅವಸರ ಮಾಡಿಸಲಿಲ್ಲ. ಇಷ್ಟು ನೇರವಾಗಿ ಹೇಳಿದ್ದಕ್ಕೇ ಆ ಡಾಕ್ಟರ ಮೇಲೆ ನನಗೆ ಗೌರವ. ಮೊದಲಿನವರು ಕೆಟ್ಟವರು ಅಂತ ನಾನು ಹೇಳಲ್ಲ, ಅವರ ಬಾಗಿಲಲ್ಲಿ ಅಷ್ಟು ಜನ ಇರ್ತಾರೆ. ಆದರೆ ತೂಕದ ಯಂತ್ರವನ್ನು ಪರದೆಯ ಹಿಂದೆ ಇಡೋಕೆ ಎಷ್ಟು ಹೊತ್ತು ಬೇಕು? ಮಾತಾಡಬಹುದಾ ಅಂತ ಕೇಳೋಕೆ?

ಅಕ್ಕ ಮುಂದಿನ ತಿಂಗಳು ಮತ್ತೆ ಹೋಗುತ್ತಾಳೆ. ಭಾವನೂ ಬರಲೇಬೇಕು ಅಂತ ಹಟ ಹಿಡಿದಿದ್ದಾಳೆ. ಊಟಕ್ಕೆ ಕೂತಾಗೆಲ್ಲ ಅವಳ ರೊಟ್ಟಿ ಎಣಿಸೋರು ಅವರೇ ಅಲ್ವಾ, ಗ್ರೆಲಿನ್ ವಿಷಯ ಡಾಕ್ಟರ ಬಾಯಿಂದಲೇ ಕೇಳಲಿ ಅನ್ನುತ್ತಾಳೆ.