ಎಡ ಸೀಟಿನವಳು ಹೇಳಿದ ದಾರಿ

ಈ ರ್‍ಯಾಲಿಯಲ್ಲಿ ಕಾರು ಓಡಿಸುವವರಿಗೆ ದಾರಿ ಗೊತ್ತಿರುವುದಿಲ್ಲ. ದಾರಿ ಬರೆದ ರೋಡ್‌ಬುಕ್ ಬ್ರೈಲ್‌ನಲ್ಲಿ ಇರುತ್ತದೆ. ಅದನ್ನು ಓದಬಲ್ಲವರು ಎಡ ಸೀಟಿನಲ್ಲಿ ಕೂತ ಅಂಧ ನ್ಯಾವಿಗೇಟರ್ ಮಾತ್ರ. ಅವರು ಓದಿ ಹೇಳಬೇಕು, ನಾವು ಕೇಳಬೇಕು. ಫೋನಿನ ಮ್ಯಾಪ್ ತೆಗೆಯುವಂತಿಲ್ಲ. ರಸ್ತೆ ಬದಿಯಲ್ಲಿ ನಿಂತವರನ್ನು ಕೇಳುವಂತಿಲ್ಲ.

ದೇಶದ ದೊಡ್ಡ ಊರುಗಳಲ್ಲಿ ಇಂಥ ರ್‍ಯಾಲಿಗಳು ಹಿಂದಿನಿಂದಲೂ ನಡೆಯುತ್ತಿವೆ. ತುಮಕೂರಿನ ನಮ್ಮ ಗೆಳೆಯರ ಬಳಗಕ್ಕೆ ಅದನ್ನು ನಮ್ಮ ಕಡೆಯ ರಸ್ತೆಗಳಲ್ಲೇ ಮಾಡಬೇಕು ಅನ್ನಿಸಿತು. ಸಂಕ್ರಾಂತಿ ಕಳೆದ ಮೇಲೆ ಒಂದು ಶನಿವಾರ ಬೆಳಿಗ್ಗೆ ತುಮಕೂರು ಬಿಟ್ಟು, ಕೊರಟಗೆರೆ, ಮಧುಗಿರಿ, ಗೌರಿಬಿದನೂರು, ಚಿಕ್ಕಬಳ್ಳಾಪುರ ದಾಟಿ ರಾತ್ರಿ ಚಿಂತಾಮಣಿಯಲ್ಲಿ ತಂಗುವುದು. ಭಾನುವಾರ ಶ್ರೀನಿವಾಸಪುರ, ಮುಳಬಾಗಿಲು, ಕೆಜಿಎಫ್ ಸುತ್ತಿ ಕೋಲಾರದಲ್ಲಿ ಮುಗಿಸುವುದು. ಪ್ರವೇಶ ಶುಲ್ಕದ ಜೊತೆಗೆ ಪ್ರತಿ ಕಾರಿನವರೂ ನೆಂಟರಿಷ್ಟರ ಹತ್ತಿರ ಹಣ ಕೂಡಿಸಬೇಕಿತ್ತು. ನಮ್ಮ ಬೀದಿಯ ಹೂವಿನವರು, ಹಾಲಿನವರು ಕೂಡ ಕೊಟ್ಟರು. ಆ ಹಣ ಅಂಧ ವಿದ್ಯಾರ್ಥಿಗಳ ಬ್ರೈಲ್ ಕಾಗದ, ಸ್ಲೇಟು, ಬಿಳಿ ಕೋಲಿಗೆ.

ಇದು ರೇಸ್ ಅಲ್ಲ. ಇಷ್ಟು ದೂರವನ್ನು ಇಷ್ಟು ಸರಾಸರಿ ವೇಗದಲ್ಲಿ ಕ್ರಮಿಸಬೇಕು ಅಂತ ಪುಸ್ತಕದಲ್ಲಿ ಬರೆದಿರುತ್ತದೆ. ದಾರಿಯಲ್ಲಿ ಎಲ್ಲೋ ಒಂದು ಕಡೆ ಮಾರ್ಷಲ್‌ಗಳು ಗಡಿಯಾರ ಹಿಡಿದು ಕೂತಿರುತ್ತಾರೆ. ಎಲ್ಲಿ ಅಂತ ನಮಗೆ ಗೊತ್ತಿಲ್ಲ. ತಡವಾದರೆ ದಂಡ, ಬೇಗ ಬಂದರೆ ಇನ್ನೂ ಜಾಸ್ತಿ ದಂಡ. ಹೀಗಾಗಿ ವೇಗವಾಗಿ ಓಡಿಸಿ ಏನೂ ಲಾಭವಿಲ್ಲ. ಸಂಸಾರ ಸಮೇತ ಹೋಗುವವರಿಗೆ ಇದಕ್ಕಿಂತ ಒಳ್ಳೆಯ ನಿಯಮ ಇಲ್ಲ ಅಂತ ನನ್ನ ಅನಿಸಿಕೆ.

ನಮ್ಮ ಕಾರಿನಲ್ಲಿ ಸ್ಟೀರಿಂಗ್ ನನ್ನದು. ಹಿಂದಿನ ಸೀಟಿನಲ್ಲಿ ನಮ್ಮನೆಯವರು, ಅತ್ತೆ, ಏಳನೇ ಕ್ಲಾಸಿನ ಮಗ. ನಮ್ಮನೆಯವರ ಗೆಳೆಯರ ಕುಟುಂಬ ಇನ್ನೊಂದು ಕಾರಿನಲ್ಲಿ. ನಮ್ಮ ನ್ಯಾವಿಗೇಟರ್ ಬಿ.ಎಡ್. ಓದುತ್ತಿರುವ ಹುಡುಗಿ, ಊರು ಶ್ರೀನಿವಾಸಪುರದ ಹತ್ತಿರ ಒಂದು ಹಳ್ಳಿ. ಹುಟ್ಟಿನಿಂದಲೇ ಕಣ್ಣು ಕಾಣದು. ಹತ್ತಿ ಕೂತವಳೇ ಡ್ಯಾಶ್‌ಬೋರ್ಡ್ ಮೇಲೆ ಕೈ ಆಡಿಸಿ, ಸೀಟು ಹಿಂದಕ್ಕೆ ತಳ್ಳಿ, ದಪ್ಪ ಫೈಲನ್ನು ತೊಡೆ ಮೇಲೆ ಇಟ್ಟುಕೊಂಡಳು.

"ಆಂಟಿ, ಮೀಟರ್ ಸೊನ್ನೆ ಮಾಡಿದ್ರಾ?"

ಆಮೇಲೆ ಕೋಲಾರದವರೆಗೆ ಆ ಕಾರಿನಲ್ಲಿ ಮಾತು ನಡೆದದ್ದು ಅವಳದೇ.

ಬ್ರೈಲ್ ಪುಸ್ತಕ ಹತ್ತಿರದಿಂದ ನೋಡಿದ್ದು ನಾನು ಅವತ್ತೇ. ದಪ್ಪ ಕಾಗದ, ಅದರ ಮೇಲೆ ಉಬ್ಬು ಚುಕ್ಕಿಗಳ ಸಾಲು. ಬಲಗೈ ಬೆರಳು ಸಾಲಿನ ಮೇಲೆ ಹರಿಯುತ್ತಿದ್ದರೆ ಎಡಗೈ ಆಗಲೇ ಮುಂದಿನ ಸಾಲಿನ ಮೊದಲಿಗೆ ಹೋಗಿ ಕಾಯುತ್ತಿರುತ್ತದೆ. ಹೀಗಾಗಿ ಓದುವಾಗ ತಡೆಯೇ ಇಲ್ಲ. "3.2ಕ್ಕೆ ಅರಳಿಕಟ್ಟೆ. ಅಲ್ಲಿ ಎಡಕ್ಕೆ. ಸರಾಸರಿ 36." ಒಂದು ಉಸಿರು ಬಿಟ್ಟು, "36 ಅಂದ್ರೆ ನಿಮಿಷಕ್ಕೆ 600 ಮೀಟರ್ ಆಂಟಿ." ಮಗ ಹಿಂದೆ ಕ್ಯಾಲ್ಕುಲೇಟರ್ ಒತ್ತಿ ನೋಡುವುದು, "ಹೌದಮ್ಮಾ, ಸರಿ" ಅನ್ನುವುದು. ಕೊರಟಗೆರೆ ಬರುವಷ್ಟರಲ್ಲಿ ಅವನು ಕ್ಯಾಲ್ಕುಲೇಟರ್ ಬ್ಯಾಗಿಗೆ ಹಾಕಿದ.

ಹೊರಡುವ ಮುಂಚೆ ಅತ್ತೆಗೆ ಅನುಮಾನ ಇತ್ತು. "ಕಣ್ಣು ಕಾಣದ ಮಗು, ದಾರಿ ಹೆಂಗೆ ತೋರಿಸ್ತದೆ?" ಅಂತ ನನ್ನ ಕಿವಿಯಲ್ಲಿ ಕೇಳಿದ್ದರು. ಮಧುಗಿರಿ ದಾರಿಯಲ್ಲಿ ಅದಕ್ಕೆ ಉತ್ತರ ಸಿಕ್ಕಿತು. ಒಂದು ಹಳ್ಳಿಯಲ್ಲಿ ಕಾರು ಎದ್ದು ಇಳಿದ ತಕ್ಷಣ ಹುಡುಗಿ ಕೇಳಿದಳು, "ಇದು ಎರಡನೇ ಹಂಪ್ ಅಲ್ವಾ? ಬಲಗಡೆ ಶಾಲೆ ಬಂತಾ?" ಬಂದಿತ್ತು. ಪುಸ್ತಕದಲ್ಲಿ ಶಾಲೆ ಇದ್ದದ್ದು ಒಂದು ಗುರುತಾಗಿ, ಹಂಪ್ ಇರಲಿಲ್ಲ. ಮೀಟರ್ ಎಷ್ಟಾಯಿತು ಅಂತ ನಾನು ಹೇಳುವ ಲೆಕ್ಕವನ್ನೂ ಹಂಪಿನ ಲೆಕ್ಕವನ್ನೂ ಸೇರಿಸಿ ಅವಳು ತನ್ನದೇ ದಾರಿ ಕಟ್ಟಿಕೊಳ್ಳುತ್ತಿದ್ದಳು. ಊರು ಶುರುವಾಗುವ ಕಡೆ ಒಂದು ಹಂಪ್, ಶಾಲೆ ಮುಂದೆ ಒಂದು, ಊರು ಮುಗಿಯುವ ಕಡೆ ಇನ್ನೊಂದು. ನಾವು ಬೈದುಕೊಂಡು ದಾಟುವ ಹಂಪುಗಳು ಅವಳಿಗೆ ಮೈಲಿಗಲ್ಲು.

ಮಧುಗಿರಿ ಬೆಟ್ಟ ಎದುರಿಗೆ ಬಂದಾಗ ಮಗ ಅದನ್ನು ಅವಳಿಗೆ ವಿವರಿಸಿದ. ಇಡೀ ಬೆಟ್ಟ ಒಂದೇ ಬಂಡೆ, ಮೇಲೆ ಕೋಟೆ, ಏಷ್ಯಾದ ಎರಡನೇ ದೊಡ್ಡ ಏಕಶಿಲಾ ಬೆಟ್ಟ ಅಂತ ಹೆಸರು. ಅವಳು ಕೇಳಿದ್ದು ನಮಗೆ ಹೊಳೆಯದ ಪ್ರಶ್ನೆ. "ಹತ್ತೋಕೆ ಹಿಡ್ಕೊಳ್ಳೋದು ಏನಿದೆ?" ಕಡಿದಾದ ಕಡೆ ಕಂಬಿ ಹಾಕಿದ್ದಾರೆ ಅಂದೆ. "ಹಾಗಾದ್ರೆ ಒಂದ್ಸಲ ಬರ್ತೀನಿ."

ಮಧುಗಿರಿ ದಾಟಿದ ಮೇಲೆ ಟಾರ್ ರಸ್ತೆ ತುಂಬ ಹುರುಳಿ. ಒಣಗಿದ ಗಿಡವನ್ನು ರಸ್ತೆಗೆ ಹರಡಿ, ಗಾಡಿಗಳ ಚಕ್ರದಿಂದಲೇ ಕಾಳು ಬಿಡಿಸಿಕೊಳ್ಳುವುದು ನಮ್ಮ ಕಡೆ ಮಾಮೂಲು. ಕಣ ಮಾಡಲು ಜಾಗ ಎಲ್ಲಿದೆ, ಆಳು ಎಲ್ಲಿ ಸಿಗುತ್ತಾರೆ? ಆದರೆ ಕಾರಿಗೆ ಇದು ಅಪಾಯ. ಬಳ್ಳಿ ಅಡಿಯಲ್ಲಿ ಸುತ್ತಿಕೊಂಡು ಸೈಲೆನ್ಸರ್ ಬಿಸಿಗೆ ಬೆಂಕಿ ಹತ್ತಬಹುದು. ಚಕ್ರದ ಕೆಳಗೆ ಚರಚರ ಶಬ್ದ ಬಂದ ಕೂಡಲೇ ಅವಳು, "ಹುರುಳಿನಾ ಆಂಟಿ? ನಿಲ್ಸಿ ನೋಡ್ಬಿಡಿ" ಅಂದಳು. ಆಚೆ ಕಡೆ ಹೋಗಿ ನಿಲ್ಲಿಸಿದೆವು. ನಮ್ಮನೆಯವರು ಬಗ್ಗಿ, ಸುತ್ತಿಕೊಂಡಿದ್ದ ಬಳ್ಳಿಯನ್ನೆಲ್ಲ ಎಳೆದು ತೆಗೆದರು. ಕೋಲಿನಲ್ಲಿ ಹುರುಳಿ ತಿರುವುತ್ತಿದ್ದ ಅಜ್ಜಿ ಬಂದು ಕುಡಿಯಲು ನೀರು ಕೊಟ್ಟರು.

ನಾಲ್ಕು ನಿಮಿಷ ಹೋಯಿತು. ಹುಡುಗಿ ಗಾಬರಿಯಾಗಲಿಲ್ಲ. "ಈ ಭಾಗ ಇನ್ನು 12 ಕಿ.ಮೀ. ಇದೆ. 20 ನಿಮಿಷದ ದಾರಿ, ನಮಗಿರೋದು 16. ನಿಮಿಷಕ್ಕೆ 750 ಮೀಟರ್. 45ರಲ್ಲಿ ಹೋಗಿ, ಅದಕ್ಕಿಂತ ಜಾಸ್ತಿ ಬೇಡ." 45ರಲ್ಲೇ ಹೋದೆ. ಮಾರ್ಷಲ್ ಗಡಿಯಾರ ನೋಡಿ ಟೈಮ್ ಕಾರ್ಡಿಗೆ ಸಹಿ ಹಾಕುವಾಗ ನಗುತ್ತಿದ್ದರು. ಅತ್ತೆ ಬುಟ್ಟಿಯಿಂದ ಎಳ್ಳುಂಡೆ ತೆಗೆದು ಮೊದಲನೆಯದನ್ನು ಮುಂದಿನ ಸೀಟಿಗೆ ಕೊಟ್ಟರು.

ಗೌರಿಬಿದನೂರು ತಾಲ್ಲೂಕು ಬಂದಾಗ ನನಗೆ ಎಚ್. ನರಸಿಂಹಯ್ಯನವರ ನೆನಪು. ಇದೇ ತಾಲ್ಲೂಕಿನ ಹೊಸೂರಿನ ಬಡ ಮನೆಯ ಹುಡುಗ, ಓದುವ ಆಸೆಗೆ ನಡೆದುಕೊಂಡೇ ಬೆಂಗಳೂರು ಸೇರಿದವರು. ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಇದನ್ನು ಹೇಳಿದಾಗ ಎಡ ಸೀಟಿನವಳು ತನ್ನ ಓದಿನ ಕಥೆ ಹೇಳಿದಳು. ಪಿಯುಸಿಯಲ್ಲಿ ಬ್ರೈಲ್ ಪುಸ್ತಕ ಕೈಗೆ ಬರುವಷ್ಟರಲ್ಲಿ ದಸರಾ ರಜೆ ಬಂದಿರುತ್ತಿತ್ತಂತೆ. ಅಲ್ಲಿಯವರೆಗೆ ಗೆಳತಿಯರು ಪಾಠ ಓದಿ ಫೋನಿನಲ್ಲಿ ರೆಕಾರ್ಡ್ ಮಾಡಿ ಕೊಡುತ್ತಿದ್ದರು. "ಕೇಳಿದ್ರೆ ಕಥೆ ಗೊತ್ತಾಗುತ್ತೆ ಆಂಟಿ. ಒತ್ತು, ದೀರ್ಘ ಗೊತ್ತಾಗಲ್ಲ. ಅದಕ್ಕೆ ಬೆರಳಲ್ಲೇ ಓದ್ಬೇಕು." ನಾವು ಕೂಡಿಸಿದ ಹಣ ಕಾಗದಕ್ಕೇ ಯಾಕೆ ಹೋಗಬೇಕು ಅಂತ ನನಗೆ ಸರಿಯಾಗಿ ತಿಳಿದದ್ದು ಆಗ.

ಮಧ್ಯಾಹ್ನದ ವಿರಾಮ ವಿದುರಾಶ್ವತ್ಥದಲ್ಲಿ. 1938ರ ಏಪ್ರಿಲ್ 25ರಂದು ಇಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ದಕ್ಷಿಣದ ಜಲಿಯನ್‌ವಾಲಾಬಾಗ್ ಅಂತಲೇ ಕರೆಯುತ್ತಾರೆ. ಹುತಾತ್ಮರ ಸ್ಮಾರಕದ ಹತ್ತಿರ ಎಲ್ಲರೂ ನಿಂತೆವು. ಹೆಸರಿಗೆ ಕಾರಣವಾದ ಹಳೆಯ ಅಶ್ವತ್ಥ ಮರ 2001ರಲ್ಲಿ ಬಿದ್ದುಹೋಗಿದೆ. ನಾಗರಕಲ್ಲುಗಳು ಮಾತ್ರ ಸಾಲುಸಾಲಾಗಿ ನಿಂತಿವೆ. ಅತ್ತೆ ಅವಳ ಕೈ ಹಿಡಿದು ಒಂದು ಕಲ್ಲಿನ ಹತ್ತಿರ ಕರೆದುಕೊಂಡು ಹೋದರು. ಅವಳು ಕೆಳಗಿನಿಂದ ಶುರು ಮಾಡಿ ಮೇಲಿನ ಹೆಡೆಯವರೆಗೆ ಬೆರಳು ನಡೆಸಿದಳು. ಬೆರಳಿಗೆಲ್ಲ ಅರಿಶಿನ ಕುಂಕುಮ. "ಅಜ್ಜಿ, ಎರಡು ಹಾವು ಹೆಣೆದ ಥರ ಇದೆ. ಒಂದು ಮೇಲೆ ಹೋದ ಕಡೆ ಇನ್ನೊಂದು ಕೆಳಗೆ ಹೋಗಿದೆ, ಎಲ್ಲೂ ತಪ್ಪಿಲ್ಲ." ಅತ್ತೆ ಎಷ್ಟು ನಾಗರಕಲ್ಲಿಗೆ ಹಾಲೆರೆದಿದ್ದಾರೋ. ಆದರೂ ಅವಳ ಪಕ್ಕ ಬಗ್ಗಿ ತಾವೂ ಬೆರಳಿಟ್ಟು ಆ ಹೆಣಿಗೆಯನ್ನು ಹಿಂಬಾಲಿಸಿದರು.

ಅಲ್ಲಿಂದ ಚಿಕ್ಕಬಳ್ಳಾಪುರದವರೆಗೆ ಹೇಳಿಕೊಳ್ಳುವಂಥದ್ದೇನೂ ನಡೆಯಲಿಲ್ಲ. ಒಳ್ಳೆ ರಸ್ತೆ, ಒಳ್ಳೆ ಬಿಸಿಲು. ಶಿಡ್ಲಘಟ್ಟ ಬಂತು ಅಂತ ಕಿಟಕಿ ಇಳಿಸಿದ್ದ ಎಲ್ಲರಿಗೂ ಮೂಗಿನಿಂದಲೇ ತಿಳಿಯಿತು. ರೇಷ್ಮೆ ಗೂಡು ಬೇಯುವ ವಾಸನೆ. ಹಿಪ್ಪುನೇರಳೆ ತೋಟಗಳ ನಡುವೆ ಹೊತ್ತು ಇಳಿಯುವಾಗ ಚಿಂತಾಮಣಿ ಸೇರಿದೆವು.

ರಾತ್ರಿ ಛತ್ರದಲ್ಲಿ ಮುದ್ದೆ, ಹಿತಕಿದ ಬೇಳೆ ಸಾರು. ಅವರೆ ಕಾಲದಲ್ಲಿ ಈ ಸೀಮೆಗೆ ಬಂದು ಬೇರೆ ಊಟ ಮಾಡುವುದುಂಟಾ? ನೆನೆಸಿದ ಅವರೆಕಾಳಿನ ರಾಶಿ ನೋಡಿ ನಮ್ಮ ಹುಡುಗಿ ಅಡುಗೆಯವರ ಜೊತೆ ಕೂತೇಬಿಟ್ಟಳು. ಎರಡು ಬೆರಳಲ್ಲಿ ಒತ್ತಿದರೆ ಸಿಪ್ಪೆ ಒಂದು ಕಡೆ, ಬೇಳೆ ಒಂದು ಕಡೆ. ಅವಳಷ್ಟು ಬೇಗ ಅಲ್ಲಿ ಇನ್ನಾರೂ ಹಿತಕಲಿಲ್ಲ. ಅಡುಗೆಯವರು ತೆಲುಗಿನಲ್ಲಿ ಏನೋ ಕೇಳಿದರು, ಅವಳು ತೆಲುಗಿನಲ್ಲೇ ಉತ್ತರ ಕೊಟ್ಟಳು. ಅತ್ತೆಗೂ ಅವಳಿಗೂ ಸಾರಿಗೆ ಗಸಗಸೆ ಹಾಕಬೇಕೋ ಬೇಡವೋ ಅಂತ ಜೋರು ಚರ್ಚೆ. ಊಟ ಮುಗಿದರೂ ತೀರ್ಮಾನ ಆಗಲಿಲ್ಲ.

ಊಟದ ಮೇಲೆ ಅವಳು ಮಕ್ಕಳಿಗೆಲ್ಲ ಬ್ರೈಲ್ ಬರೆಯಲು ಕಲಿಸಿದಳು. ಆರೇ ಚುಕ್ಕಿ. ಎಡಕ್ಕೆ ಮೂರು, ಬಲಕ್ಕೆ ಮೂರು. ಭಾರತದ ಭಾಷೆಗಳಿಗೆಲ್ಲ ಹೊಂದುವ ಭಾರತಿ ಬ್ರೈಲ್ 1951ರಿಂದ ಬಳಕೆಯಲ್ಲಿದೆ. ಎಡಸಾಲಿನ ಮೇಲಿನ ಎರಡು ಚುಕ್ಕಿ ಎದ್ದರೆ 'ಬ'. ಎಡಸಾಲಿನ ಮೂರೂ ಎದ್ದರೆ 'ಲ'. ಎರಡೂ ಸೇರಿದರೆ 'ಬಲ'. ದಿನವಿಡೀ ನನ್ನನ್ನು ತಿರುಗಿಸಿದ್ದು ಈ ಐದು ಚುಕ್ಕಿ. ಸ್ಲೇಟಿನ ಎರಡು ಪಟ್ಟಿಗಳ ನಡುವೆ ಕಾಗದ ಸಿಕ್ಕಿಸಿ, ಮೊಳೆಯಂಥ ಸ್ಟೈಲಸ್‌ನಿಂದ ಬಲದಿಂದ ಎಡಕ್ಕೆ ಚುಚ್ಚುತ್ತಾ ಹೋಗಬೇಕು. ಕಾಗದ ತಿರುಗಿಸಿದರೆ ಚುಕ್ಕಿ ಉಬ್ಬಿ, ಎಡದಿಂದ ಬಲಕ್ಕೆ ಓದಬಹುದು. ಅಂದರೆ ಪ್ರತಿ ಅಕ್ಷರವನ್ನೂ ತಿರುಗುಮುರುಗಾಗಿ ಬರೆಯುವ ಅಭ್ಯಾಸ ಬೇಕು. ಮಗ ತನ್ನ ಹೆಸರು ಬರೆದು ಅವಳ ಕೈಗೆ ಕೊಟ್ಟ. ಅವಳು ಓದಿ, "ದೀರ್ಘ ಮರೆತೆ ಕಣೋ" ಅಂದಳು. ಅವನು ಹೊಸ ಕಾಗದ ತೆಗೆದುಕೊಂಡ.

ಒಂದು ಮಾತು ಇಲ್ಲಿ ಹೇಳಲೇಬೇಕು. ಬೆಳಿಗ್ಗೆಯಿಂದ ಎಷ್ಟೋ ಜನ ನಮ್ಮನ್ನು ಪ್ರೀತಿಯಿಂದ ನೋಡಿಕೊಂಡರು. ಆದರೆ ಅವರಲ್ಲಿ ಬಹಳ ಮಂದಿ ಅವಳ ಬಗ್ಗೆ ನನ್ನನ್ನು ಕೇಳುತ್ತಿದ್ದರು. "ಅವರಿಗೆ ಟೀ ಬೇಕಾ?" "ಅವರಿಗೆ ಸುಸ್ತಾಯಿತಾ?" ಅವಳು ಅಲ್ಲೇ ನಿಂತಿದ್ದಳು. ಪ್ರತಿ ಸಲ ತಾನೇ, "ನಂಗೆ ಸಕ್ಕರೆ ಕಮ್ಮಿ ಹಾಕಿ ಸರ್" ಅಂತ ಉತ್ತರ ಕೊಟ್ಟಳು. ದಾರಿ ಪೂರ್ತಿ ಅವಳ ಮಾತನ್ನೇ ನಂಬಿ ಬಂದವರು ನಾವು. ಟೀ ಬೇಕಾ ಅಂತ ಅವಳನ್ನೇ ಕೇಳಬೇಕು ಅಲ್ವಾ? ರಾತ್ರಿ ಎಲ್ಲ ಚಾಲಕರೂ ಸೇರಿದಾಗ ಇದನ್ನು ಎದ್ದು ನಿಂತು ಹೇಳಿದೆ. ಬೇರೆ ಕಾರುಗಳ ನ್ಯಾವಿಗೇಟರ್‌ಗಳು ಚಪ್ಪಾಳೆ ತಟ್ಟಿದರು. ಮಾರನೇ ದಿನ ಟೀ ಕೊಡುವವರು ನೇರವಾಗಿ ಅವರ ಮುಂದೆ ನಿಂತು ಕೇಳಿದರು.

ಭಾನುವಾರ ಬೆಳಿಗ್ಗೆ ಶ್ರೀನಿವಾಸಪುರದ ದಾರಿ ತುಂಬ ಮಾವಿನ ತೋಪು. ಹೂ ಬಿಟ್ಟ ಕಾಲ. ಅದು ಅವಳ ಸ್ವಂತ ಸೀಮೆ, ಪುಸ್ತಕ ಓದುವ ದನಿಯೇ ಬದಲಾಯಿತು. ಒಂದು ಬಸ್ ನಿಲ್ದಾಣದ ಹತ್ತಿರ ಅವಳ ಅಪ್ಪ ಅಮ್ಮ ನಿಂತಿದ್ದರು. ಸಮಯದ ಲೆಕ್ಕ ಇರುವ ಭಾಗ, ನಿಲ್ಲಿಸಿದರೆ ಅಂಕ ಹೋಗುತ್ತದೆ. ನಿಲ್ಲಿಸಲಾ ಅಂತ ಕೇಳಿದೆ. "ಬೇಡ ಆಂಟಿ, ಹಾರ್ನ್ ಹೊಡೀರಿ ಸಾಕು. ಕೋಲಾರಕ್ಕೆ ಬರ್ತಾರೆ." ಹಾರ್ನ್ ಹೊಡೆದೆ. ಅವಳು ಕಿಟಕಿಯಿಂದ ಕೈ ಬೀಸಿ, "2.4ಕ್ಕೆ ಬಲಕ್ಕೆ" ಅಂತ ಓದು ಮುಂದುವರಿಸಿದಳು.

ಮುಳಬಾಗಿಲಿನಲ್ಲಿ ದೋಸೆ ತಿಂದೆವು. ಅಂಚು ಗರಿಗರಿ, ನಡುವೆ ಮೆತ್ತಗೆ, ಕೆಂಪು ಚಟ್ನಿ. ಅಲ್ಲಿಂದ ಬೇತಮಂಗಲದ ಮೇಲೆ ಕೆಜಿಎಫ್. ಇಲ್ಲಿನ ಚಿನ್ನದ ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಭೂಮಿಯೊಳಗೆ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು ಜನ ದುಡಿದ ಜಾಗ. ಚಿನ್ನ ತೆಗೆದ ಮೇಲೆ ಉಳಿದ ಮಣ್ಣಿನ ಸೈನೈಡ್ ಗುಡ್ಡಗಳ ಪಕ್ಕ ಹೋಗುವಾಗ ಆ ಕತ್ತಲೆಯಲ್ಲಿ ಗಣಿಯವರು ದಾರಿ ಹೇಗೆ ಗುರುತಿಡುತ್ತಿದ್ದರು ಅಂತ ಅವಳು ಕೇಳಿದಳು. ತಲೆಗೆ ದೀಪ ಕಟ್ಟಿಕೊಳ್ಳುತ್ತಿದ್ದರು ಅಂತ ನಮ್ಮನೆಯವರು ಅಂದರು. "ದೀಪ ಕೆಟ್ರೆ?" ಅಂದಳು. ಅದಕ್ಕೆ ಉತ್ತರ ಹೇಳಲು ಅಲ್ಲಿ ದುಡಿದವರೇ ಬೇಕು.

ಕೋಲಾರದ ಹತ್ತಿರ ಬಂದಂತೆ ಕೆರೆಯಲ್ಲಿ ನೀರು ಕಂಡು ಅತ್ತೆ ಆಶ್ಚರ್ಯಪಟ್ಟರು. ಅವರು ಕಂಡ ಕೋಲಾರದಲ್ಲಿ ಕೆರೆ ಅಂದರೆ ಬಿರುಕು ಬಿಟ್ಟ ನೆಲ. ಬೆಂಗಳೂರಿನ ಕೊಳಚೆ ನೀರನ್ನು ಶುದ್ಧಮಾಡಿ 2018ರಿಂದ ಇಲ್ಲಿನ ಕೆರೆಗಳಿಗೆ ತುಂಬಿಸುತ್ತಿದ್ದಾರೆ.

ನಮಗೆ ಬಹುಮಾನ ಬರಲಿಲ್ಲ. ಗೆಳೆಯರ ಕಾರಿಗೆ ಮೂರನೇ ಸ್ಥಾನ ಬಂತು. ಅವರ ನ್ಯಾವಿಗೇಟರ್ ಬ್ಯಾಂಕ್ ಉದ್ಯೋಗಿ, ನಿಮಿಷದ ಲೆಕ್ಕದಲ್ಲಿ ಗಟ್ಟಿಗರು. ನಮ್ಮ ಹುಡುಗಿಗೆ ಬೇಸರವಾಯಿತು. ಹಾಗಂತ ಸುಮ್ನೆ ಕೂರಲಿಲ್ಲ. ಅಭಿಪ್ರಾಯ ಹೇಳಲು ಮೈಕ್ ಕೊಟ್ಟಾಗ ಧನ್ಯವಾದ ಒಂದೇ ವಾಕ್ಯದಲ್ಲಿ ಮುಗಿಸಿ ನೇರವಾಗಿ ವಿಷಯಕ್ಕೆ ಬಂದಳು. ಈ ಪುಸ್ತಕವನ್ನು ಕಣ್ಣಿರುವವರು ಬರೆದು ಬ್ರೈಲ್‌ಗೆ ಹಾಕಿಸಿದ್ದಾರೆ. ಕೆಂಪು ಬೋರ್ಡು, ಹಳದಿ ಗೋಡೆ ಅಂತ ಗುರುತು ಕೊಟ್ಟಿದ್ದಾರೆ. ಹಂಪ್, ರೈಲ್ವೆ ಗೇಟು, ಸೇತುವೆ, ಇಳಿಜಾರು ಬರೆದರೆ ನಾವೂ ದಾರಿಯನ್ನು ತಾಳೆ ನೋಡಬಹುದು. ಮುಂದಿನ ಸಲ ರೂಟ್ ನೋಡಲು ಹೋಗುವಾಗ ನಮ್ಮಲ್ಲಿ ಒಬ್ಬರನ್ನು ಕರೆದುಕೊಂಡು ಹೋಗಿ.

ಬಳಗದವರು ಅಲ್ಲೇ ಒಪ್ಪಿದರು. ಈ ಸಲ ಶಿರಾ, ಪಾವಗಡದ ಕಡೆ ಹೋಗೋಣ ಅಂತ ಮಾತಾಗಿದೆ. ಪುಸ್ತಕ ಬರೆಯುವವಳು ಅವಳು. ದಾರಿ ನೋಡಲು ಹೋಗುವ ಕಾರು ನಮ್ಮದು.